ಕಾಂಟೆಸ್ಟ್ ಸಾಕಾಗಿದೆ, ಬಿಡಲೂ ಮನಸ್ಸಿಲ್ಲ: ಏನು ಮಾಡಲಿ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಸಿಕ್ಕಿ ಆರು ವರ್ಷವಾಯಿತು, ಜನರಲ್ ದರ್ಜೆ. 100 ವ್ಯಾಟ್‌ನ ರಿಗ್ (ರೇಡಿಯೋ ಸೆಟ್) ಇದೆ. ತೋಟದ ಎರಡು ತೆಂಗಿನ ಮರಗಳ ನಡುವೆ 10 ಮೀಟರ್ ಎತ್ತರದಲ್ಲಿ 20 ಮತ್ತು 40 ಮೀಟರ್ ಬ್ಯಾಂಡಿನ ಡೈಪೋಲ್ ಎಂಬ ತಂತಿ ಆಂಟೆನಾ ಕಟ್ಟಿದ್ದೇನೆ. ನಿಗದಿತ ಹೊತ್ತಿನಲ್ಲಿ ಆದಷ್ಟು ಹೆಚ್ಚು ಸ್ಟೇಷನ್‌ಗಳನ್ನು ಸಂಪರ್ಕಿಸುವ ಪೈಪೋಟಿಯೇ ಕಾಂಟೆಸ್ಟ್. ಮೊದಲ ಸಲ ಸಿಕ್ಯೂ ವರ್ಲ್ಡ್‌ವೈಡ್ ಕಾಂಟೆಸ್ಟಿಗೆ ಕೂತಾಗ ಊಟ ನಿದ್ದೆ ಮರೆತಿದ್ದೆ. ಈಗ ಮೂರು ವರ್ಷದಿಂದ ಅದೇ 20 ಮೀಟರ್, ಅದೇ ನೂಕುನುಗ್ಗಲು. ನಾನು ಕರೆಯುವ ಜಾಗಕ್ಕೇ ದೊಡ್ಡ ಟವರಿನವರು ಬಂದು ಕೂರುತ್ತಾರೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಸೊಂಟ ನೋವು, ಮನೆಯವರ ಮುನಿಸು. ಫಲಿತಾಂಶ ಬಂದಾಗ ನನ್ನ ಹೆಸರು ಎಲ್ಲೋ ಕೆಳಗೆ. 80, 10, 6 ಮೀಟರ್ ಕಡೆ ಹೋಗೋಣವೆಂದರೆ ಗೆಳೆಯರು ‘ಅವೆಲ್ಲ ಸತ್ತ ಬ್ಯಾಂಡು, ಎಫ್‌ಟಿ8 (ಕಂಪ್ಯೂಟರ್ ಮೂಲಕದ ಕಿರು ಸಂದೇಶ) ಬಿಟ್ಟರೆ ಅಲ್ಲಿ ಏನೂ ಇಲ್ಲ’ ಅನ್ನುತ್ತಾರೆ. ನಮ್ಮ ಹಿರಿಯರೊಬ್ಬರಂತೂ ಕಾಂಟೆಸ್ಟ್ ಅಂದರೇ ಬ್ಯಾಂಡ್ ಕೆಡಿಸುವ ಗಲಾಟೆ ಎಂದು ಬೈಯುತ್ತಾರೆ. ನಾನು ಕಾಂಟೆಸ್ಟ್ ಬಿಟ್ಟುಬಿಡಬೇಕೇ? ದೊಡ್ಡ ಆಂಟೆನಾ ಇಲ್ಲದೆ ಇದರಲ್ಲಿ ಖುಷಿ ಕಾಣುವ ದಾರಿ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇಸರಗಳು ಒಟ್ಟಿಗೆ ಸೇರಿಕೊಂಡಿವೆ. ಒಂದು, ಅಷ್ಟು ಹೊತ್ತು ಕೂತರೂ ಅಂಕ ಬರುವುದಿಲ್ಲ ಎಂಬುದು. ಇನ್ನೊಂದು, ಪ್ರತಿವರ್ಷ ಅದೇ ಬ್ಯಾಂಡಿನಲ್ಲಿ ಅದೇ ಕೆಲಸ ಎಂಬುದು. ಎರಡಕ್ಕೂ ಮದ್ದು ಬಹುಮಟ್ಟಿಗೆ ಒಂದೇ, ಮತ್ತು ಅದಕ್ಕೆ ಟವರ್ ಬೇಕಿಲ್ಲ. ಕಾಂಟೆಸ್ಟ್ ಬಿಡಬೇಡಿ, 20 ಮೀಟರ್ ಬಿಡಿ. ಕನಿಷ್ಠ ಒಂದು ಹಂಗಾಮಿನ ಮಟ್ಟಿಗಾದರೂ ಬಿಟ್ಟು ನೋಡಿ.

ಮೊದಲು ಅಂಕದ ವಿಷಯ. ಸಿಕ್ಯೂ ವರ್ಲ್ಡ್‌ವೈಡ್‌ನಲ್ಲಿ ಬೇರೆ ಖಂಡದ ಸ್ಟೇಷನ್ ಸಿಕ್ಕರೆ 3 ಅಂಕ, ಅದೇ ಖಂಡದ ಬೇರೆ ದೇಶವಾದರೆ ನಮಗೆ 1 ಅಂಕ, ಸ್ವಂತ ದೇಶದ ಸ್ಟೇಷನ್ ಆದರೆ ಸೊನ್ನೆ, ಆದರೆ ಗುಣಕಕ್ಕೆ (ಹೊಸ ದೇಶ, ಹೊಸ ವಲಯ ಸಿಕ್ಕಂತೆ ಬೆಳೆದು ಒಟ್ಟು ಅಂಕವನ್ನು ಗುಣಿಸುವ ಸಂಖ್ಯೆಗೆ) ಲೆಕ್ಕ. ಈ ಲೆಕ್ಕವನ್ನು ಭೂಪಟದ ಮೇಲಿಟ್ಟು ನೋಡಿ. ಆಫ್ರಿಕಾದ ವಾಯವ್ಯ ಅಂಚಿನ ಕ್ಯಾನರಿ, ಮಡೀರಾ ದ್ವೀಪಗಳಲ್ಲಿ ಕೂತವರಿಗೆ ಯುರೋಪು ಪಕ್ಕದಲ್ಲೇ ಇದೆ, ಅಮೆರಿಕ ಸಮುದ್ರದಾಚೆ ಎದುರಿಗಿದೆ, ಎರಡೂ ಬೇರೆ ಖಂಡ. ಎತ್ತ ತಿರುಗಿದರೂ ಮೂರು ಮೂರು ಅಂಕ. ಜಗತ್ತಿನ ಅತಿ ದೊಡ್ಡ ಅಂಕಗಳು ಅಂಥ ದ್ವೀಪಗಳಿಂದ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೇ. ಗಂಭೀರವಾಗಿ ಆಡುವವರು ವಿಮಾನ ಹತ್ತಿ ಅಲ್ಲಿಗೇ ಹೋಗುತ್ತಾರೆ. ನಮಗೆ ಬೆಳಿಗ್ಗೆ ಸಲೀಸಾಗಿ ಸಿಗುವ ಜಪಾನಿನ ಸ್ಟೇಷನ್‌ಗಳಿಗೆ ಒಂದೊಂದೇ ಅಂಕ. ಅಮೆರಿಕವೋ ಧ್ರುವದ ಬಳಿ ಹಾದುಬರುವ, 13,000 ಕಿಲೋಮೀಟರಿಗೂ ಮೀರಿದ ದಾರಿ. ಹಾಗಾಗಿ ಜಾಗತಿಕ ಪಟ್ಟಿಯಲ್ಲಿ ನಿಮ್ಮ ಹೆಸರು ಕೆಳಗಿದೆ ಎಂಬುದು ನಿಮ್ಮ ಕೌಶಲದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಹೋಲಿಸಲೇಬೇಕೆಂದರೆ ನಿಮ್ಮದೇ ಹೋದ ವರ್ಷದ ಲಾಗ್ (ಸಂಪರ್ಕಗಳ ದಾಖಲೆ) ಜೊತೆ, ಅದೇ ಬ್ಯಾಂಡು, ಅದೇ ಗಂಟೆಗಳನ್ನು ಇಟ್ಟು ಹೋಲಿಸಿ. ಅಲ್ಲಿ ಕಾಣುವ ಏರಿಕೆ ನಿಮ್ಮದು.

‘ಕಿಲೋವ್ಯಾಟ್, ಟವರ್ ಇಲ್ಲದವರಿಗೆ ಕಾಂಟೆಸ್ಟ್ ಅಲ್ಲ’ ಎಂಬ ಮಾತು 20 ಮೀಟರ್‌ನಲ್ಲಿ ಶನಿವಾರ ಸಂಜೆ ನಿಜವೆಂದೇ ತೋರುತ್ತದೆ, ಒಪ್ಪುತ್ತೇನೆ. ಆದರೆ ಭಾನುವಾರ ಸಂಜೆ ನೋಡಿ. ಆ ಹೊತ್ತಿಗೆ ದೊಡ್ಡ ಸ್ಟೇಷನ್‌ಗಳು ಕೈಗೆ ಸಿಗುವವರನ್ನೆಲ್ಲ ಮುಗಿಸಿ ಗಂಟಲು ಹರಿಯುವಂತೆ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆಯುತ್ತಿರುತ್ತವೆ. ಉತ್ತರ ಕೊಡಲು ಹೊಸಬರು ಬೇಕು. ಶನಿವಾರ ಹತ್ತು ಸಲ ಕರೆದರೂ ಕೇಳಿಸಿಕೊಳ್ಳದವರು ಭಾನುವಾರ ನಿಮ್ಮ ಮೊದಲ ಕರೆಗೇ ತಿರುಗಿ ಉತ್ತರಿಸುತ್ತಾರೆ. ವಿಯು (ಭಾರತದ ಸ್ಟೇಷನ್‌ಗಳ ಗುರುತಿನ ಆರಂಭಾಕ್ಷರ) ಎಂದರೆ ವಲಯ 22, ಅನೇಕರಿಗೆ ಅದು ಹೊಸ ಗುಣಕ. ಸಣ್ಣ ಸ್ಟೇಷನ್‌ನವರು ಶನಿವಾರ ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಶಕ್ತಿಯೆಲ್ಲ ಖರ್ಚು ಮಾಡಿ, ತಮಗೆ ಅನುಕೂಲವಾದ ಹೊತ್ತಿಗೆ ದಣಿದು ಎದ್ದುಹೋಗುವುದನ್ನು ನಾನು ಬಹಳ ಕಂಡಿದ್ದೇನೆ. ನಿಮ್ಮ ಸೊಂಟನೋವು ಬರುವುದೂ ಸರಿಯಾಗಿ ಆ ಹೊತ್ತಿಗೇ.

48 ಗಂಟೆ ಕೂರಲೇಬೇಕೆಂದು ಯಾವ ನಿಯಮವೂ ಇಲ್ಲ. ಅದೇ ಕಾಂಟೆಸ್ಟಿನಲ್ಲಿ ‘ಕ್ಲಾಸಿಕ್’ ಎಂಬ ಉಪವಿಭಾಗವಿದೆ: ಒಂದೇ ರೇಡಿಯೋ, ಯಾರು ಎಲ್ಲಿ ಕರೆಯುತ್ತಿದ್ದಾರೆಂದು ತಿಳಿಸುವ ಕ್ಲಸ್ಟರ್ ಜಾಲದ ನೆರವಿಲ್ಲ, 24 ಗಂಟೆ ಮಾತ್ರ. ಇನ್ನೂ ಒಳ್ಳೆಯದು ಒಂದೇ ಬ್ಯಾಂಡಿನ ವಿಭಾಗ. 10 ಮೀಟರ್ ಒಂದನ್ನೇ ಆರಿಸಿಕೊಂಡರೆ ಬೆಳಿಗ್ಗೆ ಬ್ಯಾಂಡ್ ತೆರೆದ ಮೇಲೆ ಕೂತು, ರಾತ್ರಿ ಮುಚ್ಚಿದ ಮೇಲೆ ನೆಮ್ಮದಿಯಾಗಿ ಮಲಗಬಹುದು. 80 ಮೀಟರ್ ಆರಿಸಿಕೊಂಡರೆ ಹಗಲೆಲ್ಲ ತೋಟಕ್ಕೆ, ಮನೆಗೆ. ಬ್ಯಾಂಡೇ ನಿಮಗೆ ರಜೆ ಕೊಡುತ್ತದೆ. ಮನೆಯವರ ಮುನಿಸಿಗೂ ಇದಕ್ಕಿಂತ ಒಳ್ಳೆಯ ಪರಿಹಾರ ನಾನು ಕಂಡಿಲ್ಲ: ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಶ್ಯಾಕ್ ಎಂಬ ರೇಡಿಯೋ ಕೋಣೆಯಲ್ಲಿರುತ್ತೇನೆ ಎಂದು ಮೊದಲೇ ಹೇಳಿ, ಆ ಮಾತಿಗೆ ನಿಲ್ಲುವುದು.

ಈಗ ‘ಸತ್ತ ಬ್ಯಾಂಡು’ಗಳ ವಿಚಾರ. ನಿಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸಿಗೆ ಹತ್ತಿರವಾದ ಭಾಗ ಇದು.

ಬ್ಯಾಂಡ್ ಖಾಲಿ ಇರುವುದಕ್ಕೆ ಎರಡು ಕಾರಣವಿರಬಹುದು. ಅಯಾನುಗೋಳ (ರೇಡಿಯೋ ಅಲೆ ಬಾಗಿಸುವ, ವಾತಾವರಣದ ಮೇಲಿನ ಭಾಗ) ಆ ಹೊತ್ತಿನಲ್ಲಿ ಆ ಆವರ್ತನವನ್ನು ಹಿಂದಕ್ಕೆ ಬಾಗಿಸುತ್ತಿಲ್ಲ ಎಂಬುದು ಒಂದು. ಬ್ಯಾಂಡ್ ತೆರೆದಿದೆ, ಆದರೆ ಎಲ್ಲರೂ ಕಿವಿಗೊಟ್ಟು ಕೂತಿದ್ದಾರೆ, ಕರೆಯುವವರಿಲ್ಲ ಎಂಬುದು ಇನ್ನೊಂದು. ಡಯಲ್ ತಿರುಗಿಸಿ ಕೇಳಿದರೆ ಎರಡೂ ಒಂದೇ ಥರ ಕೇಳಿಸುತ್ತವೆ: ಬರೀ ಸುಯ್ ಎನ್ನುವ ಸದ್ದು. ಹಾಗಾಗಿ ಕೇಳಿ ತೀರ್ಮಾನಿಸಬೇಡಿ, ಪರೀಕ್ಷಿಸಿ. 10 ಮೀಟರ್ ಬ್ಯಾಂಡಿನ 28.200 ಮೆಗಾಹರ್ಟ್ಸ್‌ಗೆ ಹೋಗಿ ಮೂರು ನಿಮಿಷ ಕೂತರೆ ಸಾಕು. ಉತ್ತರ ಕ್ಯಾಲಿಫೋರ್ನಿಯಾದ ಡಿಎಕ್ಸ್ ಪ್ರತಿಷ್ಠಾನ ಮತ್ತು ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟ ಜೊತೆಯಾಗಿ ನಡೆಸುವ 18 ಬೀಕನ್‌ಗಳು (ತಾವಾಗಿಯೇ ಸಂಕೇತ ಕಳಿಸುವ ಸ್ಟೇಷನ್‌ಗಳು) ಅಲ್ಲಿ ಸರದಿಯ ಮೇಲೆ ತಲಾ 10 ಸೆಕೆಂಡ್ ಮಾತಾಡುತ್ತವೆ. ಪ್ರತಿಯೊಂದೂ ಮೋರ್ಸ್‌ನಲ್ಲಿ ಕಾಲ್‌ಸೈನ್ (ಸ್ಟೇಷನ್ನಿನ ಗುರುತು) ಕಳಿಸಿ, ಆಮೇಲೆ 100, 10, 1, 0.1 ವ್ಯಾಟ್‌ನಲ್ಲಿ ಒಂದೊಂದು ಉದ್ದ ಗೆರೆ ಹಾಕುತ್ತದೆ. 1 ವ್ಯಾಟ್‌ನ ಗೆರೆ ಕೇಳಿಸಿತೆಂದರೆ ನಿಮ್ಮ 100 ವ್ಯಾಟ್ ಆ ದಿಕ್ಕಿಗೆ ಧಾರಾಳ. ಕೊಲಂಬೊದ ಬೀಕನ್ ಕೇಳದಿದ್ದರೆ ಗಾಬರಿ ಬೇಡ. 28 ಮೆಗಾಹರ್ಟ್ಸ್‌ಗೆ ಅದು ತೀರ ಹತ್ತಿರವಾಯಿತು, ಅಲೆ ನಿಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಇದೇ ಸರದಿ 14.100, 18.110, 21.150, 24.930ರಲ್ಲೂ ನಡೆಯುತ್ತಿರುತ್ತದೆ.

ಇನ್ನೊಂದು ಪರೀಕ್ಷೆ ನಿಮ್ಮ ಗೆಳೆಯರು ದೂರುವ ಎಫ್‌ಟಿ8 ಮೂಲಕವೇ ಆಗುತ್ತದೆ. 2017ರಲ್ಲಿ ಬಂದ ಈ ಪದ್ಧತಿಯ ಮೇಲೆ ನನಗೆ ಸಿಟ್ಟಿಲ್ಲ. 15 ಸೆಕೆಂಡಿನ ಸರದಿಯಲ್ಲಿ, ಕಿವಿಗೆ ಕೇಳಿಸದಷ್ಟು ಕ್ಷೀಣವಾದದ್ದನ್ನೂ ಅದು ಹೆಕ್ಕಿ ತರುತ್ತದೆ. ಅದರಿಂದ ಕಷ್ಟವಾದದ್ದು ಇಷ್ಟೇ: 28.074ರಲ್ಲಿ ನೂರಾರು ಜನ ಒತ್ತಾಗಿ ಕೂತಿರುತ್ತಾರೆ, ಅಲ್ಲಿಂದ 29.7ರವರೆಗಿನ ಒಂದೂವರೆ ಮೆಗಾಹರ್ಟ್ಸ್‌ಗೂ ಹೆಚ್ಚು ಜಾಗ ಬಿಕೋ ಎನ್ನುತ್ತದೆ. ಪರದೆಯ ಮೇಲೆ ಯಾವುದೋ ಸ್ಟೇಷನ್ ಮೈನಸ್ 10 ಡೆಸಿಬೆಲ್‌ಗಿಂತ ಮೇಲೆ ಬರುತ್ತಿದ್ದರೆ ಮೋರ್ಸ್‌ಗೆ ಸಾಕು. ಪ್ಲಸ್ 5ರ ಮೇಲಿದ್ದರೆ ಧ್ವನಿಗೂ ಸಾಕು. ಆಗ 28.074 ಬಿಟ್ಟು ಮೇಲೆ ಹೋಗಿ ಸಿಕ್ಯೂ ಕರೆಯಿರಿ. ಒಂದು ಸಲ ಕರೆದು ಸುಮ್ಮನಾಗಬೇಡಿ, ಹತ್ತು ನಿಮಿಷ ಕರೆಯಿರಿ. ಮೋರ್ಸ್ ಬರುವುದಾದರೆ ಇನ್ನೂ ಸುಲಭ: ರಿವರ್ಸ್ ಬೀಕನ್ ನೆಟ್‌ವರ್ಕ್ ಎಂಬ ಸ್ವಯಂಚಾಲಿತ ರಿಸೀವರ್‌ಗಳ ಜಾಲ ನಿಮ್ಮ ಸಿಕ್ಯೂ ಎಲ್ಲೆಲ್ಲಿ ಎಷ್ಟು ಜೋರಾಗಿ ಕೇಳಿಸಿತೆಂದು ಆಗಿಂದಾಗಲೇ ತೋರಿಸುತ್ತದೆ. ಯಾರೂ ಉತ್ತರಿಸದಿದ್ದರೂ ನಿಮ್ಮ ಅಲೆ ಜರ್ಮನಿ ತಲುಪಿದೆ ಎಂದು ಗೊತ್ತಾದ ಮೇಲೆ ಆ ಬ್ಯಾಂಡನ್ನು ಸತ್ತದ್ದು ಅನ್ನಲು ಬಾಯಿ ಬರುವುದಿಲ್ಲ.

10 ಮೀಟರ್ ಬಗ್ಗೆ ನಮ್ಮ ಊರುಗಳ ಒಂದು ಅದೃಷ್ಟವನ್ನು ಹೇಳಲೇಬೇಕು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುವುದು ದಕ್ಷಿಣ ಭಾರತದ ತುದಿಯಲ್ಲಿ. 1963ರಲ್ಲಿ ದೇಶದ ಮೊದಲ ರಾಕೆಟ್ ಹಾರಿಸಲು ತಿರುವನಂತಪುರದ ಬಳಿಯ ತುಂಬಾವನ್ನು ಆರಿಸಿದ್ದು ಅದೇ ಕಾರಣಕ್ಕೆ. ಈ ರೇಖೆಯ ಆಚೀಚೆ ಅಯಾನುಗೋಳದ ಮೇಲಿನ ಪದರ ದಟ್ಟವಾಗಿರುತ್ತದೆ, ಸೂರ್ಯಾಸ್ತದ ಹೊತ್ತಿಗೆ ಇನ್ನಷ್ಟು ಮೇಲಕ್ಕೇರುತ್ತದೆ. ಉತ್ತರ ಯುರೋಪಿನವರಿಗೆ ಬ್ಯಾಂಡ್ ಮುಚ್ಚಿದ ಮೇಲೂ ನಮಗೆ ದಕ್ಷಿಣಕ್ಕೆ, ಪಶ್ಚಿಮಕ್ಕೆ 28 ಮೆಗಾಹರ್ಟ್ಸ್ ತೆರೆದಿರುವುದುಂಟು. 2019ರ ಕೊನೆಯಲ್ಲಿ ಶುರುವಾದ ಸೌರಚಕ್ರ 25 (ಸೂರ್ಯನ ಚುರುಕಿನ ಏರಿಳಿತದ ಈಗಿನ ಸುತ್ತು) ತನ್ನ ಗರಿಷ್ಠದ ಅವಧಿಗೆ ಬಂದಿದೆ ಎಂದು ನಾಸಾ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಇಳಿಜಾರು ನಿಧಾನ, ಗರಿಷ್ಠ ದಾಟಿದ ಮೇಲೂ ಕೆಲವು ವರ್ಷ 10 ಮೀಟರ್‌ನಲ್ಲಿ ಒಳ್ಳೆಯ ದಿನಗಳು ಇರುತ್ತವೆ. ಮಲೆನಾಡಿನಿಂದ ಬೆಳಿಗ್ಗೆ ಜಪಾನ್, ಪೆಸಿಫಿಕ್ ಕಡೆ, ಮಧ್ಯಾಹ್ನದಿಂದ ಯುರೋಪು, ಸಂಜೆ ಆರರ ಮೇಲೆ ಅಮೆರಿಕದ ಪೂರ್ವ ಕರಾವಳಿಯವರು ಬೆಳಗಿನ ಕಾಫಿ ಕುಡಿದು ಶ್ಯಾಕ್‌ಗೆ ಬರುವ ಹೊತ್ತು. ಒಂದು ತೊಡಕಿದೆ. ಮಾರ್ಚ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ಕತ್ತಲಾದ ಮೇಲೆ ಧ್ವನಿ ನಡುಗಿದಂತೆ, ಪಟಪಟ ಅಲುಗಿದಂತೆ ಕೇಳಿಸುತ್ತದೆ. ಎಷ್ಟೋ ಜನ ಆಗ ರಿಗ್ ಕೆಟ್ಟಿತೆಂದು ಬಿಚ್ಚಿ ನೋಡುತ್ತಾರೆ. ರಿಗ್ ಸರಿಯಾಗಿಯೇ ಇರುತ್ತದೆ, ಕಾಂತೀಯ ಸಮಭಾಜಕದ ಮೇಲಿನ ಅಯಾನುಗೋಳದಲ್ಲಿ ಆ ಹೊತ್ತಿಗೆ ಏಳುವ ಗುಳ್ಳೆಗಳ ಪರಿಣಾಮ ಅದು. ಧ್ವನಿ ಬಿಟ್ಟು ಮೋರ್ಸ್‌ಗೆ ಹೋದರೆ ಆಗಲೂ ಕೆಲಸ ನಡೆಯುತ್ತದೆ.

ಆಂಟೆನಾ ಚಿಂತೆಯೇ ಬೇಡ. 10 ಮೀಟರ್ ಡೈಪೋಲ್ ಎಂದರೆ ಒಟ್ಟು 5 ಮೀಟರ್ ತಂತಿ. ನಿಮ್ಮ 10 ಮೀಟರ್ ಎತ್ತರ 28 ಮೆಗಾಹರ್ಟ್ಸ್‌ಗೆ ಒಂದು ಪೂರ್ತಿ ತರಂಗಾಂತರ, ಅಲೆ ದೂರಕ್ಕೆ ಚೆನ್ನಾಗಿ ಹೊರಡುವ ಎತ್ತರ. 20 ಮೀಟರ್‌ನಲ್ಲಿ ಈ ಅನುಕೂಲ ಬೇಕೆಂದರೆ ಎರಡು ಪಟ್ಟು ಎತ್ತರದ ಟವರ್ ಹಾಕಬೇಕಾಗುತ್ತಿತ್ತು. ಅಂದರೆ ದೊಡ್ಡವರ ಎದುರು ನಿಮ್ಮ ಸ್ಥಾನ ಈ ಬ್ಯಾಂಡಿನಲ್ಲಿ ತಾನಾಗಿಯೇ ಮೇಲೇರುತ್ತದೆ. ಇನ್ನೊಂದು ಹೆಜ್ಜೆ ಹಾಕುವ ಮನಸ್ಸಿದ್ದರೆ ಬಿದಿರಿನ ಗಳಗಳಿಗೆ ತಾಮ್ರದ ತಂತಿ ಎಳೆದು ಮಾಕ್ಸನ್ ಆಂಟೆನಾ ಕಟ್ಟಿ: ಸುಮಾರು 3.8 ಮೀಟರ್ ಅಗಲ, 1.4 ಮೀಟರ್ ಆಳದ ಚೌಕಟ್ಟು. ಅದನ್ನು ವಾಯವ್ಯಕ್ಕೆ ತಿರುಗಿಸಿ ನಿಲ್ಲಿಸಿದರೆ ಯುರೋಪು ಎದುರಿಗೆ ಬರುತ್ತದೆ, ಹಿಂದಿನ ದಿಕ್ಕಿನ ಗದ್ದಲವೂ ತಗ್ಗುತ್ತದೆ. ಡಿಸೆಂಬರ್ ಎರಡನೆಯ ಪೂರ್ಣ ವಾರಾಂತ್ಯದಲ್ಲಿ ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ ನಡೆಸುವ 10 ಮೀಟರ್ ಕಾಂಟೆಸ್ಟ್ ಇಂಥ ಸ್ಟೇಷನ್ನಿಗೆ ಹೇಳಿಮಾಡಿಸಿದ್ದು. 48 ಗಂಟೆಯಲ್ಲಿ ಹೆಚ್ಚೆಂದರೆ 36 ಗಂಟೆ ಆಡಬಹುದು, ಧ್ವನಿಯ ಸಂಪರ್ಕಕ್ಕೆ 2 ಅಂಕ, ಮೋರ್ಸ್‌ಗೆ 4.

80 ಮೀಟರ್ ಬೇರೆಯದೇ ಲೋಕ. ಹಗಲಲ್ಲಿ ಅಯಾನುಗೋಳದ ಕೆಳಪದರ ಈ ಅಲೆಗಳನ್ನು ನುಂಗಿಬಿಡುತ್ತದೆ, ಕತ್ತಲಾದ ಮೇಲೆ ಬಿಡುತ್ತದೆ. ಅದರಲ್ಲೂ ನಮ್ಮ ಸೂರ್ಯೋದಯದ ಮುಂಚಿನ ಒಂದು ಗಂಟೆ ಬಹಳ ಬೆಲೆಯುಳ್ಳದ್ದು: ನಮ್ಮಲ್ಲಿ ಮೂಡಣ ಕೆಂಪಾಗುತ್ತಿರುತ್ತದೆ, ಯುರೋಪಿನಲ್ಲಿ ಇನ್ನೂ ನಟ್ಟಿರುಳು, ಇಡೀ ದಾರಿ ಕತ್ತಲಲ್ಲಿರುತ್ತದೆ. ಈಗ ಗಡಿಯಾರ ನೋಡಿ. ಸಿಕ್ಯೂ ವರ್ಲ್ಡ್‌ವೈಡ್ ಶುರುವಾಗುವುದು ನಮ್ಮ ಶನಿವಾರ ಬೆಳಿಗ್ಗೆ 5:30ಕ್ಕೆ. ಅಕ್ಟೋಬರ್ ಕೊನೆಯ ಧ್ವನಿ ಕಾಂಟೆಸ್ಟ್, ನವೆಂಬರ್ ಕೊನೆಯ ಮೋರ್ಸ್ ಕಾಂಟೆಸ್ಟ್ ಎರಡರಲ್ಲೂ ಮೊದಲ ಗಂಟೆ ಎಂದರೆ ಸರಿಯಾಗಿ ನಮ್ಮ ಅರುಣೋದಯ. ನಮ್ಮವರಲ್ಲಿ ಹೆಚ್ಚಿನವರು ಆಗ 20 ಮೀಟರ್‌ನಲ್ಲಿ ಬ್ಯಾಂಡ್ ತೆರೆಯುವುದನ್ನು ಕಾಯುತ್ತ ಕೂತಿರುತ್ತಾರೆ! 80 ಮತ್ತು 40ರಲ್ಲಿ ಯುರೋಪು ಉತ್ಸಾಹದಿಂದ ಕರೆಯುತ್ತಿರುವ ಗಂಟೆ ಅದು. ಭಾನುವಾರ ಬೆಳಿಗ್ಗೆ ಮತ್ತೊಮ್ಮೆ ಸಿಗುತ್ತದೆ. ಸೋಮವಾರ ಬೆಳಿಗ್ಗೆ 5:30ಕ್ಕೆ ಕಾಂಟೆಸ್ಟೇ ಮುಗಿಯುತ್ತದಾದ್ದರಿಂದ ಆವತ್ತಿನದು ಬಹುತೇಕ ಕೈತಪ್ಪುತ್ತದೆ. ಮಾರ್ಚ್ ಮತ್ತು ಮೇ ಕೊನೆಗೆ ಬರುವ ಡಬ್ಲ್ಯೂಪಿಎಕ್ಸ್ ಕಾಂಟೆಸ್ಟಿನಲ್ಲಂತೂ 40, 80, 160 ಮೀಟರ್‌ನ ಹೊರದೇಶದ ಸಂಪರ್ಕಗಳಿಗೆ ದುಪ್ಪಟ್ಟು ಅಂಕ. ಬೇರೆ ಖಂಡವಾದರೆ 3ರ ಬದಲು 6.

ಆದರೆ ಇಲ್ಲಿ ಆಂಟೆನಾ ಕೆಲಸ ನಿಜವಾದ ಕೆಲಸ. 80 ಮೀಟರ್ ಡೈಪೋಲ್‌ಗೆ 40 ಮೀಟರ್ ತಂತಿ ಬೇಕು, ಅದನ್ನು 10 ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆಯೆಲ್ಲ ನೆಟ್ಟಗೆ ಮೇಲೆ ಹೋಗಿ ಇಳಿದುಬರುತ್ತದೆ. ಚೆನ್ನೈ, ಪುಣೆ ಜೋರಾಗಿ ಬರುತ್ತವೆ, ಜರ್ಮನಿ ಬರುವುದಿಲ್ಲ. ದಿನನಿತ್ಯದ ಮಾತುಕತೆಗೆ ಅದು ಒಳ್ಳೆಯದೇ, ಕಾಂಟೆಸ್ಟಿಗಲ್ಲ. ದೂರಕ್ಕೆ ಬೇಕಾದರೆ ತಂತಿ ನೆಟ್ಟಗೆ ಮೇಲ್ಮುಖವಾಗಿ ನಿಲ್ಲಬೇಕು. ತೆಂಗಿನ ಮರದ ಪಕ್ಕ, ಕಾಂಡಕ್ಕೆ ತಾಗದಂತೆ ಒಂದೆರಡು ಅಡಿ ಬಿಟ್ಟು, ತಂತಿಯನ್ನು ಆದಷ್ಟು ಮೇಲಕ್ಕೆ ಒಯ್ದು, ಉಳಿದದ್ದನ್ನು ಅಡ್ಡ ಎಳೆಯಿರಿ. ಒಟ್ಟು 20 ಮೀಟರ್. ಕೆಳಗೆ ನೆಲದ ಮೇಲೆ ಸುತ್ತಲೂ 10 ಮೀಟರಿನ 16 ತಂತಿಗಳನ್ನಾದರೂ ಹರಡಿ. ಅಡಿಕೆ ತೋಟದ ಸೊಪ್ಪಿನ ಹೊದಿಕೆಯಡಿ ಅವು ಚೆನ್ನಾಗಿ ಅಡಗುತ್ತವೆ, ಆದರೆ ಕಳೆ ಹೊಡೆಯುವ ಮಷಿನ್ನಿಗೆ ಸಿಕ್ಕರೆ ತಂತಿಯೂ ಹೋಗುತ್ತದೆ, ಮಷಿನ್ನೂ ಕೆಡುತ್ತದೆ. ಕೆಲಸದವರಿಗೆ ಜಾಗ ತೋರಿಸಿಡಿ. ಅಡ್ಡತಂತಿಯ ತುದಿಯಲ್ಲಿ 100 ವ್ಯಾಟ್‌ಗೂ ಕೈ ಸುಡುವಷ್ಟು ವೋಲ್ಟೇಜ್ ಏಳುತ್ತದೆ, ಅದು ಯಾರ ಕೈಗೂ ಎಟುಕದ ಎತ್ತರದಲ್ಲಿರಲಿ. ತೋಟದ ಮೇಲೆ ಹಾದುಹೋಗುವ ಕರೆಂಟ್ ತಂತಿಯ ಹತ್ತಿರ, ನಿಮ್ಮ ತಂತಿ ಕಡಿದು ಬಿದ್ದರೆ ತಾಗುವಷ್ಟು ಸಮೀಪದಲ್ಲಿ, ಏನನ್ನೂ ಕಟ್ಟಬೇಡಿ. ಈ ಒಂದು ವಿಷಯದಲ್ಲಿ ಮಾತ್ರ ನಾನು ಬೇಡಿಕೊಂಡೇ ಹೇಳುತ್ತೇನೆ. ಮರ ಹತ್ತುವುದನ್ನು ಹತ್ತುವವರಿಗೇ ಬಿಡಿ.

‘80ರಲ್ಲಿ ಬರೀ ಗದ್ದಲ’ ಎಂಬ ದೂರು ಅರ್ಧ ನಿಜ. ಏಪ್ರಿಲ್, ಮೇನಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ಕಾಲದಲ್ಲಿ ಆ ಬ್ಯಾಂಡಿನಲ್ಲಿ ಕೂರಲಾಗುವುದಿಲ್ಲ, ಕೂರಲೂ ಬಾರದು. ಆ ತಿಂಗಳುಗಳಲ್ಲಿ ಕೋಆಕ್ಸ್ ಕೇಬಲನ್ನು ಮನೆಯ ಹೊರಗೇ ಬಿಚ್ಚಿಡಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ನಿಸರ್ಗದ ಸದ್ದು ಕಡಿಮೆ, ಉಳಿಯುವುದು ಮನುಷ್ಯರದು. ಒಂದು ರಾತ್ರಿ ಮನೆಯ ಮೇನ್ ಸ್ವಿಚ್ ಆರಿಸಿ, ಇನ್ವರ್ಟರ್ ಸಹ ಆರಿಸಿ, ರಿಗ್ಗನ್ನು ಬ್ಯಾಟರಿಯ ಮೇಲೆ ಓಡಿಸಿ ಕೇಳಿ. ಸದ್ದು ಸಟ್ಟನೆ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ: ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಇನ್ವರ್ಟರ್. ಇಳಿಯದಿದ್ದರೆ ಸೆಕೆಂಡಿಗೊಂದರಂತೆ ಟಕ್ ಟಕ್ ಕೇಳಿಸುತ್ತಿದೆಯೇ ಗಮನಿಸಿ. ಮಲೆನಾಡಿನಲ್ಲಿ ಅದು ಬಹುತೇಕ ಸೋಲಾರ್ ಬೇಲಿ. ಬೇಲಿಯ ತಂತಿಗೆ ಬಳ್ಳಿ ತಾಗಿ ಕಿಡಿ ಹಾರುತ್ತಿರುತ್ತದೆ. ಬಳ್ಳಿ ಸವರಿದರೆ ನಿಮ್ಮ ರಿಸೀವರ್‌ಗೂ ಒಳ್ಳೆಯದು, ಬೇಲಿಗೂ ಒಳ್ಳೆಯದು. ನೆರೆಯವರ ಬೇಲಿಯಾದರೂ ಹೀಗೆ ಹೇಳಿದರೆ ಒಪ್ಪುತ್ತಾರೆ.

6 ಮೀಟರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಭರವಸೆ ಕೊಡಲಾಗುವುದಿಲ್ಲ. ದಿನಗಟ್ಟಲೆ ಏನೂ ಇರುವುದಿಲ್ಲ, ಆಮೇಲೆ ಅರ್ಧ ಗಂಟೆ ಜಗತ್ತೇ ತೆರೆದುಕೊಳ್ಳುತ್ತದೆ. ಅದೇ ಅದರ ಸೊಗಸು. 2.85 ಮೀಟರ್ ತಂತಿಯ ಡೈಪೋಲ್ ಕಟ್ಟಿ, 50.313ರಲ್ಲಿ ಎಫ್‌ಟಿ8 ಕಾವಲಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಪರದೆ ತುಂಬತೊಡಗಿದಾಗ 50.110ಕ್ಕೆ ಬಂದು ಬಾಯಿ ಬಿಟ್ಟು ಕರೆಯಿರಿ.

ಹಿರಿಯರ ಸಿಟ್ಟಿನಲ್ಲೂ ಹುರುಳಿದೆ. ವಾರವಿಡೀ ದುಡಿದು ಭಾನುವಾರ ಹಳೆಯ ಸ್ನೇಹಿತನ ಜೊತೆ ನಾಲ್ಕು ಮಾತಾಡಲು ಬಂದವರಿಗೆ 20 ಮೀಟರ್ ಉದ್ದಕ್ಕೂ ‘ಫೈವ್ ನೈನ್ ಟ್ವೆಂಟಿ ಟೂ’ (ಸಿಗ್ನಲ್ ವರದಿ, ವಲಯ ಸಂಖ್ಯೆ) ಕೇಳಿಸಿದರೆ ಬೇಸರವಾಗುವುದು ಸಹಜ. ಅವರಿಗೆ ನೀವು ಹೇಳಬಹುದಾದದ್ದು: 1979ರ ಜಾಗತಿಕ ರೇಡಿಯೋ ಸಮ್ಮೇಳನದಲ್ಲಿ ಹವ್ಯಾಸಿಗಳಿಗೆ ಸಿಕ್ಕ 30, 17, 12 ಮೀಟರ್ ಬ್ಯಾಂಡುಗಳಲ್ಲಿ ಕಾಂಟೆಸ್ಟ್ ನಡೆಸುವುದಿಲ್ಲ ಎಂದು ಜಗತ್ತಿನ ಹ್ಯಾಮ್‌ಗಳೆಲ್ಲ ಒಪ್ಪಿಕೊಂಡಿದ್ದೇವೆ. 18.068ರಿಂದ 18.168, 24.890ರಿಂದ 24.990 ಮೆಗಾಹರ್ಟ್ಸ್ ನಮಗೆ ಸಿಕ್ಕಿರುವ ಜಾಗ. ಕಾಂಟೆಸ್ಟ್ ವಾರಾಂತ್ಯದಲ್ಲೂ ಅಲ್ಲಿ ನಿರಾಳವಾಗಿ ಹರಟಬಹುದು, 17 ಮೀಟರ್ ನಡತೆಯಲ್ಲಿ 20ಕ್ಕೆ ತೀರ ಹತ್ತಿರ. ಬೈಯುವ ಹಿರಿಯರಲ್ಲಿ ಎಷ್ಟೋ ಜನರ ಮನೆಯಲ್ಲಿ 17 ಮೀಟರ್ ಆಂಟೆನಾ ಇರುವುದಿಲ್ಲ. ಅವರಿಗೆ 8 ಮೀಟರ್‌ಗೆ ಸ್ವಲ್ಪ ಕಡಿಮೆ ತಂತಿಯ ಒಂದು ಡೈಪೋಲ್ ನೀವೇ ಕಟ್ಟಿಕೊಟ್ಟು ಬನ್ನಿ. ನಿಮ್ಮ ಕಡೆಯ ಕರ್ತವ್ಯವೂ ಇದೆ: ಕರೆಯುವ ಮುನ್ನ ‘ಈ ಜಾಗ ಖಾಲಿ ಇದೆಯೇ’ ಎಂದು ಎರಡು ಸಲ ಕೇಳಿ, 40 ಮೀಟರ್‌ನ ಬೆಳಗಿನ ನೆಟ್‌ಗಳ (ಗೊತ್ತುಪಡಿಸಿದ ಹರಟೆಕೂಟಗಳ) ಜಾಗಕ್ಕೆ ಹೋಗಬೇಡಿ.

ಕಾಂಟೆಸ್ಟ್ ಬರೀ ಗಲಾಟೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 2004ರ ಡಿಸೆಂಬರ್‌ನಲ್ಲಿ ಅಪರೂಪದ ಅಂಡಮಾನ್ ಕಾಲ್‌ಸೈನ್ ಜಗತ್ತಿಗೆಲ್ಲ ಸಿಗಲೆಂದು ಪೋರ್ಟ್‌ಬ್ಲೇರ್‌ನಲ್ಲಿ ಹ್ಯಾಮ್‌ಗಳ ತಂಡವೊಂದು ಡಿಎಕ್ಸ್‌ಪೆಡಿಷನ್ ನಡೆಸುತ್ತಿತ್ತು. ಸುನಾಮಿ ಬಡಿದಾಗ ಅದೇ ತಂಡ, ಅದೇ ರಿಗ್‌ಗಳು ಸಂಕಟದಲ್ಲಿದ್ದವರ ಸುದ್ದಿ ಹೊರಗೆ ತಲುಪಿಸಿದವು. ಗದ್ದಲದ ನಡುವೆ ಕ್ಷೀಣ ದನಿಯ ಕಾಲ್‌ಸೈನ್ ಹಿಡಿದು, ತಪ್ಪಿಲ್ಲದೆ ಬರೆದುಕೊಂಡು, ಮುಂದಿನವರಿಗೆ ತಿರುಗುವ ಅಭ್ಯಾಸ ಒಂದು ದಿನದಲ್ಲಿ ಬರುವುದಿಲ್ಲ.

ಇನ್ನು ವಿಎಚ್‌ಎಫ್, ಯುಎಚ್‌ಎಫ್ ಎಂಬ ಹೆಚ್ಚು ಆವರ್ತನದ ಬ್ಯಾಂಡುಗಳು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ; ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಳುಬಿದ್ದಿರುವುದು 2 ಮೀಟರ್ (144 ಮೆಗಾಹರ್ಟ್ಸ್) ಮತ್ತು 70 ಸೆಂಟಿಮೀಟರ್. ಎಲ್ಲರ ಕೈಯಲ್ಲೂ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಇದೆ, ರಿಪೀಟರ್ (ದನಿಯನ್ನು ಮರುಪ್ರಸಾರ ಮಾಡುವ ಸ್ಟೇಷನ್) ಮೇಲೆ ಬೆಳಿಗ್ಗೆ ನಾಲ್ಕು ಮಾತು, ಮುಗಿಯಿತು. 2019ರಲ್ಲಿ ಫ್ರಾನ್ಸ್ 144ರಿಂದ 146 ಮೆಗಾಹರ್ಟ್ಸ್ ಅನ್ನು ವಿಮಾನಯಾನ ಸೇವೆಗೂ ಪರಿಶೀಲಿಸಬೇಕೆಂಬ ಪ್ರಸ್ತಾವ ಇಟ್ಟಿತ್ತು. ಅದು ಮುಂದೆ ಹೋಗಲಿಲ್ಲ, ಆದರೆ ಖಾಲಿ ಕಾಣುವ ಬ್ಯಾಂಡಿನ ಮೇಲೆ ಯಾರ ಕಣ್ಣಾದರೂ ಬೀಳಬಹುದು ಎಂದು ಗೊತ್ತಾಯಿತು. ಈ ಬ್ಯಾಂಡಿನ ತಾಕತ್ತು ನಮಗೆ ಮರೆತೇಹೋಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿ ಬಳಿಯ 200 ಮೆಗಾಹರ್ಟ್ಸ್ ರೇಡಾರ್ ಬೇಸಿಗೆಯಲ್ಲಿ ಅರಬ್ಬೀ ಸಮುದ್ರದಾಚೆಯ ಅರೇಬಿಯಾದ ನೆಲವನ್ನೇ ಕಂಡಿತ್ತು. ಸಮುದ್ರದ ಮೇಲಿನ ತಂಪು ತೇವದ ಗಾಳಿ, ಅದರ ಮೇಲೆ ಬಿಸಿ ಒಣಗಾಳಿ ಕೂತಾಗ ಅಲೆ ಅವುಗಳ ನಡುವೆ ಸಿಕ್ಕಿ ದೂರ ಸಾಗುತ್ತದೆ. ಕಾರವಾರ, ಮಂಗಳೂರಿನವರು ಮುಂಗಾರಿನ ಮುಂಚೆ 144 ಮೆಗಾಹರ್ಟ್ಸ್‌ನಲ್ಲಿ ಪಶ್ಚಿಮಕ್ಕೆ ಕಿವಿಯಿಟ್ಟರೆ ಏನು ಕೇಳಿಸೀತು ಎಂದು ನನಗೆ ಪ್ರತಿ ಬೇಸಿಗೆಯಲ್ಲೂ ಅನಿಸುತ್ತದೆ.

ನಿಮ್ಮಂಥ ನಾಲ್ಕಾರು ಜನ ಸೇರಿದರೆ ಒಂದು ಸಣ್ಣ ಕಾಂಟೆಸ್ಟನ್ನು ನೀವೇ ಹುಟ್ಟುಹಾಕಬಹುದು. ತಿಂಗಳಿಗೊಂದು ಭಾನುವಾರ, ಒಂದೇ ಗಂಟೆ, 2 ಮೀಟರ್, ರಿಪೀಟರ್ ಇಲ್ಲದೆ ನೇರ ಸಂಪರ್ಕ, ವಿನಿಮಯಕ್ಕೆ ಗ್ರಿಡ್ ಚೌಕ (ಅಕ್ಷಾಂಶ, ರೇಖಾಂಶದ ಮೇಲೆ ಭೂಪಟವನ್ನು ಹಂಚಿದ ಚೌಕದ ಸಂಕೇತ). ತೀರ್ಥಹಳ್ಳಿ ಎಂಕೆ73, ಮಂಗಳೂರು ಎಂಕೆ72, ಕಾರವಾರ ಎಂಕೆ74, ಹುಬ್ಬಳ್ಳಿ ಎಂಕೆ75, ಚಿತ್ರದುರ್ಗ ಎಂಕೆ84, ಕಲಬುರಗಿ ಎಂಕೆ87, ಕೋಲಾರ ಎಂಕೆ93. ಬೆಂಗಳೂರಿನವರಿಗಂತೂ ಮನೆಯ ಬಳಿಯೇ ಎರಡು ಚೌಕಗಳಿವೆ: 13 ಡಿಗ್ರಿ ಅಕ್ಷಾಂಶ ಮಲ್ಲೇಶ್ವರದ ಆಸುಪಾಸಿನಲ್ಲಿ ಊರನ್ನು ಸೀಳುತ್ತದೆ, ಜಯನಗರ ಎಂಕೆ82, ಯಲಹಂಕ ಎಂಕೆ83. ಸ್ಕೂಟರಿನಲ್ಲೇ ಗಡಿ ದಾಟಿ ಇನ್ನೊಂದು ಗುಣಕವಾಗಬಹುದು. ಸುತ್ತಲ ನೆಲಕ್ಕಿಂತ 400 ಮೀಟರ್ ಎತ್ತರದ ಗುಡ್ಡದ ಮೇಲೆ ನಿಂತರೆ ರೇಡಿಯೋ ದಿಗಂತ ಸುಮಾರು 80 ಕಿಲೋಮೀಟರ್, ಎದುರಿನವರೂ ಅಂಥದೇ ಗುಡ್ಡದಲ್ಲಿದ್ದರೆ 160. ನಿಮಗೆ ಕುಂದಾದ್ರಿಯೇ ಇದೆ. ಅರಣ್ಯ ಇಲಾಖೆಯ ಜಾಗವಾದರೆ ಮೊದಲೇ ಅನುಮತಿ ಪಡೆಯಿರಿ, ಲೈಸೆನ್ಸ್ ಪ್ರತಿ ಜೊತೆಗಿರಲಿ; ಆಂಟೆನಾ ಹಿಡಿದು ಗುಡ್ಡದ ಮೇಲೆ ನಿಂತವರನ್ನು ಕಂಡರೆ ಯಾರಾದರೂ ಬಂದು ವಿಚಾರಿಸಿಯೇ ವಿಚಾರಿಸುತ್ತಾರೆ. ರಿಸ್ಟ್ರಿಕ್ಟೆಡ್ (ಆರಂಭಿಕ) ದರ್ಜೆಯ ಹೊಸ ಹುಡುಗ ಹುಡುಗಿಯರು ಹಿರಿಯರಿಗೆ ಸರಿಸಮನಾಗಿ ಆಡಬಹುದಾದ ಕಾಂಟೆಸ್ಟ್ ಇದು.

ಇಷ್ಟರಲ್ಲಿ ಎಲ್ಲಿಂದ ಶುರು ಮಾಡಲಿ ಎನ್ನುತ್ತೀರಾದರೆ: ಮೋರ್ಸ್ ಬರುವುದಾದರೆ ಬುಧವಾರ ಸಂಜೆ 6:30ಕ್ಕೆ ಸಿಡಬ್ಲ್ಯೂಆಪ್ಸ್ ಬಳಗದ ಒಂದು ಗಂಟೆಯ ಕಿರು ಕಾಂಟೆಸ್ಟ್ ಪ್ರತಿ ವಾರ ನಡೆಯುತ್ತದೆ, ಹೆಸರು ಹೇಳಿ ಹೆಸರು ಪಡೆಯುವುದು. ಅಲ್ಲಿ ಕೈ ಪಳಗಿಸಿಕೊಳ್ಳಿ. ಧ್ವನಿಯೇ ಇಷ್ಟವಾದರೆ ಸೆಪ್ಟೆಂಬರ್ ಮೊದಲ ಪೂರ್ಣ ವಾರಾಂತ್ಯದ ಆಲ್ ಏಷ್ಯನ್ ಕಾಂಟೆಸ್ಟ್ ನೋಡಿ. ಜಪಾನಿನ ಹ್ಯಾಮ್ ಸಂಘ ಜೆಎಆರ್‌ಎಲ್ ನಡೆಸುವ ಇದರಲ್ಲಿ ಸಿಗ್ನಲ್ ವರದಿಯ ಜೊತೆ ಕೊಡಬೇಕಾದದ್ದು ನಿಮ್ಮ ವಯಸ್ಸು. 80 ದಾಟಿದವರ ಸ್ಪಷ್ಟ ದನಿ ಕೇಳಿದಾಗ ಕುರ್ಚಿಯಲ್ಲಿ ನೆಟ್ಟಗೆ ಕೂರುವಂತಾಗುತ್ತದೆ. ಅಕ್ಟೋಬರ್ ಒಳಗೆ 10 ಮೀಟರ್ ಡೈಪೋಲ್ ಏರಲಿ, ಈ ವರ್ಷದ ಸಿಕ್ಯೂ ವರ್ಲ್ಡ್‌ವೈಡ್ ಅನ್ನು 10 ಮೀಟರ್ ಒಂದರಲ್ಲೇ, 100 ವ್ಯಾಟ್ ವಿಭಾಗದಲ್ಲಿ ಆಡಿ. 80 ಮೀಟರ್ ತಂತಿ ಡಿಸೆಂಬರ್‌ಗೆ ಇರಲಿ, ಎರಡನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಎಷ್ಟೇ ಕಡಿಮೆ ಸಂಪರ್ಕವಾಗಲಿ, ಕಾಂಟೆಸ್ಟ್ ಮುಗಿದ ಐದು ದಿನದೊಳಗೆ ಲಾಗ್ ಕಳಿಸಿ. ಆಮೇಲೆ ಬರುವ ಪರಿಶೀಲನಾ ವರದಿಯಲ್ಲಿ ನೀವು ತಪ್ಪಾಗಿ ಕೇಳಿಸಿಕೊಂಡ ಪ್ರತಿ ಕಾಲ್‌ಸೈನ್ ಇರುತ್ತದೆ. ಅದನ್ನು ಮುದ್ರಿಸಿ ರಿಗ್ ಪಕ್ಕದಲ್ಲಿಟ್ಟುಕೊಳ್ಳಿ. ನಿಮ್ಮ ಕಿವಿ ‘ಬಿ’ ಮತ್ತು ‘ಡಿ’ಯ ನಡುವೆ ಎಡವುತ್ತದೋ, ಐದು ಮತ್ತು ಒಂಬತ್ತರ ನಡುವೆಯೋ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.